ಗೃಹಲಕ್ಷ್ಮಿ ದುಡ್ಡಿಗೆ ಒಂದು ತಾರೀಖು ಗೊತ್ತುಮಾಡಿ

ಮಾನ್ಯ ಸಂಪಾದಕರೇ,

ಗೃಹಲಕ್ಷ್ಮಿ ಹಣದ ಬಗ್ಗೆ ಪೇಪರಿನಲ್ಲಿ ಬರುವ ಪತ್ರಗಳನ್ನು ನಾನು ಬಿಡದೆ ಓದುತ್ತೇನೆ. ಬಿಟ್ಟಿ ದುಡ್ಡು ಕೊಟ್ಟು ಜನರನ್ನು ಸೋಮಾರಿ ಮಾಡುತ್ತಿದ್ದಾರೆ ಎಂದು ಕೆಲವರು ಬೈಯುತ್ತಾರೆ. ಹೆಣ್ಣುಮಕ್ಕಳು ಫ್ರಿಜ್ ತಗೊಂಡರು, ಹೊಲಿಗೆ ಮಿಷನ್ ತಗೊಂಡರು ಎಂದು ಕೆಲವರು ಸಂತೋಷಪಡುತ್ತಾರೆ. ಈ ದುಡ್ಡು ಒಂದು ಬಡ ಮನೆಯೊಳಗೆ ಹೋಗಿ ಏನು ಕೆಲಸ ಮಾಡುತ್ತದೆ ಎನ್ನುವುದನ್ನು ನಾನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಅದನ್ನು ನಿಮ್ಮ ಓದುಗರಿಗೆ ಹೇಳಬೇಕು ಅನ್ನಿಸಿತು.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಬೆಳಗ್ಗೆ ಸಂಜೆ ಹಾಲು ಅಳೆಯುವುದು, ಫ್ಯಾಟ್ ಮತ್ತು ಡಿಗ್ರಿ ನೋಡುವುದು, ಪಶು ಆಹಾರದ ಚೀಲ ಕೊಟ್ಟು ಲೆಕ್ಕ ಬರೆಯುವುದು, ಹದಿನೈದು ದಿನಕ್ಕೊಮ್ಮೆ ಬಟವಾಡೆ ಮಾಡುವುದು ನನ್ನ ಕೆಲಸ. ಯಾರ ಮನೆಯ ಹಸು ಬತ್ತಿದೆ, ಯಾರು ಆಸ್ಪತ್ರೆಗೆ ಅಂತ ಮುಂಗಡ ಕೇಳಿದರು, ಯಾರ ಮನೆಯಲ್ಲಿ ಮಕ್ಕಳಿಗೂ ಹಾಲು ಉಳಿಸದೆ ಎಲ್ಲಾ ಡೇರಿಗೆ ಹಾಕುತ್ತಿದ್ದಾರೆ, ಎಲ್ಲವೂ ನನ್ನ ಪುಸ್ತಕ ನೋಡಿದರೆ ಗೊತ್ತಾಗುತ್ತದೆ.

ಅದೇ ಪುಸ್ತಕದಲ್ಲಿ ಈಚೆಗೆ ಒಂದು ಹೊಸ ಹೆಸರು ಬಂದಿದೆ. ಹೆಸರು ಹಾಕಬೇಡಿ ಅಕ್ಕ ಎಂದು ಆಕೆ ಹೇಳಿದ್ದಾಳೆ, ಹಾಗಾಗಿ ಸೊಸೆ ಎಂದಷ್ಟೇ ಬರೆಯುತ್ತೇನೆ. ಮನೆಯಲ್ಲಿ ಅತ್ತೆ, ಗಂಡ, ಓದುವ ಇಬ್ಬರು ಮಕ್ಕಳು. ಅತ್ತೆಯ ಹೆಸರಿನಲ್ಲಿ ಒಂದು ಎಕರೆ ಚಿಲ್ಲರೆ ಖುಷ್ಕಿ ಜಮೀನು. ಮಳೆ ಆದರೆ ರಾಗಿ, ಆಗದಿದ್ದರೆ ಅದೂ ಇಲ್ಲ. ಗಂಡ ವರ್ಷದಲ್ಲಿ ಐದಾರು ತಿಂಗಳು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಕೂಲಿಗೆ ಹೋಗುತ್ತಾಳೆ. ಈ ಮನೆಯಿಂದ ಮೊದಲು ಯಾವತ್ತೂ ಡೇರಿಗೆ ಹಾಲು ಬಂದಿರಲಿಲ್ಲ. ಬೇರೆಯವರ ಹಸುವನ್ನು ಪಾಲಿಗೆ ಸಾಕಿದ್ದರು. ಪಾಲಿಗೆ ಸಾಕುವುದು ಅಂದರೆ ಮೇವು ನಮ್ಮದು, ದುಡಿಮೆ ನಮ್ಮದು, ಕೊನೆಗೆ ಮಾರಿದಾಗ ಅರ್ಧ ಅವರದು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆ ಶುರುವಾಯಿತಲ್ಲ, ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದು. ಈ ಮನೆಯಲ್ಲಿ ಯಜಮಾನಿ ಅತ್ತೆ. ಮೊದಲ ಕೆಲವು ತಿಂಗಳ ದುಡ್ಡು ಅಂಗಡಿಯ ಉದ್ರಿಗೆ ಹೋಯಿತು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಒಂದು ಕೈಸಾಲ ಇತ್ತು, ಅದಕ್ಕೂ ಹೋಯಿತು. ದೂರದಿಂದ ನೋಡುವವರಿಗೆ ಇದು ತಿಂದು ಮುಗಿಸಿದ ದುಡ್ಡು. ಆದರೆ ಆ ಬಡ್ಡಿ ನಿಂತ ದಿನದಿಂದಲೇ ಆ ಮನೆಯಲ್ಲಿ ಸ್ವಲ್ಪ ಸ್ವಲ್ಪ ಉಳಿಯಲು ಶುರುವಾಯಿತು. ಬಡ್ಡಿ ಕಟ್ಟುವ ಮನೆಯಲ್ಲಿ ಉಳಿತಾಯ ಎಲ್ಲಿಂದ ಬರಬೇಕು ಹೇಳಿ?

ಆಮೇಲೆ ನಮ್ಮ ಬೀದಿಯ ಹೆಂಗಸರು ಚೀಟಿ ಶುರು ಮಾಡಿದರು. ಇಪ್ಪತ್ತು ಜನ, ತಿಂಗಳಿಗೆ ಸಾವಿರ. ಹರಾಜು ಇಲ್ಲ, ಹೆಸರು ಬರೆದು ಡಬ್ಬಿಗೆ ಹಾಕಿ ಎತ್ತುವುದು. ಅತ್ತೆಯ ಎರಡು ಸಾವಿರದಲ್ಲಿ ಒಂದು ಸಾವಿರ ಚೀಟಿಗೆ, ಇನ್ನೊಂದು ಸಾವಿರ ಮನೆಗೆ. ಹಿಂದೆ ಈ ಮನೆಯವರನ್ನು ಯಾರೂ ಚೀಟಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೂಲಿಯವರು, ಕೆಲಸ ಸಿಕ್ಕಿದರೆ ಉಂಟು ಇಲ್ಲದಿದ್ದರೆ ಇಲ್ಲ, ಯಾವ ತಿಂಗಳು ಕೈ ಎತ್ತುತ್ತಾರೋ ಎಂಬ ಭಯ. ತಿಂಗಳು ತಿಂಗಳು ಬರುವ ದುಡ್ಡಿದೆ ಎಂದು ಗೊತ್ತಾದ ಮೇಲೆ ಕರೆದು ಸೇರಿಸಿಕೊಂಡರು. ಚೀಟಿ ಬಂದಾಗ ಆ ಇಪ್ಪತ್ತು ಸಾವಿರದಲ್ಲಿ ಒಂದು ಮಿಶ್ರತಳಿ ಕಡಸು, ಅಂದರೆ ಇನ್ನೂ ಕರು ಹಾಕದ ಎಳೆ ಹಸು, ತಂದರು. ವರ್ಷ ತುಂಬಿದ್ದು, ಕಪ್ಪು ಬಿಳುಪು, ಸ್ವಲ್ಪ ಬಡಕಲು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ನನ್ನ ಪತ್ರದ ಮುಖ್ಯ ವಿಷಯವೇ ಇದು.

ಕಡಸು ತಂದ ಮರುದಿನ ಹಾಲು ಬರುವುದಿಲ್ಲ. ಅದು ಬೆದೆಗೆ ಬರಬೇಕು, ಗಬ್ಬದ ಇಂಜೆಕ್ಷನ್ ಕೊಡಿಸಬೇಕು, ಗಬ್ಬ ನಿಲ್ಲಬೇಕು. ಮೊದಲ ಸಲ ನಿಲ್ಲದಿದ್ದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಗಬ್ಬ ನಿಂತ ಮೇಲೆ ಒಂಬತ್ತು ತಿಂಗಳು. ಎಲ್ಲಾ ಸೇರಿ ಒಂದೂವರೆ ವರ್ಷ ಅದು ತಿನ್ನುತ್ತದೆ, ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ರಾಗಿ ಹುಲ್ಲು ಹೊಲದಿಂದ ಬರುತ್ತದೆ, ಹಸಿ ಹುಲ್ಲನ್ನು ಅತ್ತೆ ಬದುಗಳಿಂದ ಕೊಯ್ದು ತರುತ್ತಾರೆ. ಹಿಂಡಿ, ಬೂಸ? ಡೇರಿಯಲ್ಲಿ ನಾವು ಪಶು ಆಹಾರ ಉದ್ರಿ ಕೊಡುತ್ತೇವೆ, ಆದರೆ ಹಾಲು ಹಾಕುವವರಿಗೆ ಮಾತ್ರ. ಬಟವಾಡೆಯಲ್ಲಿ ಹಿಡಿದುಕೊಳ್ಳಬೇಕಲ್ಲ. ಹಾಲೇ ಹಾಕದವರಿಗೆ ನಗದು. ಹಾಗಾಗಿ ಆ ಒಂದೂವರೆ ವರ್ಷ ಸೊಸೆ ನನ್ನ ಹತ್ತಿರ ನಗದು ಕೊಟ್ಟು ಚೀಲ ಒಯ್ದಿದ್ದಾಳೆ. ಗೃಹಲಕ್ಷ್ಮಿ ಬಿದ್ದ ಮರುದಿನ ಬರುತ್ತಿದ್ದಳು.

ಇದೇ ಕಡಸನ್ನು ವಾರದ ಕಂತಿನ ಸಾಲದಲ್ಲಿ ತಂದಿದ್ದರೆ ಏನಾಗುತ್ತಿತ್ತು? ನಮ್ಮೂರಿನಲ್ಲಿ ಒಬ್ಬರಿಗೆ ಆಗಿದೆ. ಸಾಲ ತಂದ ಮುಂದಿನ ವಾರದಿಂದ ಕಂತು ಶುರು. ಕಡಸಿನ ಹೊಟ್ಟೆಯಲ್ಲಿ ಇನ್ನೂ ಏನೂ ಇಲ್ಲ, ಮನೆ ಬಾಗಿಲಲ್ಲಿ ವಸೂಲಿಯವರು. ನಾಲ್ಕು ತಿಂಗಳಿಗೇ ಕಡಸನ್ನು ತಂದ ಬೆಲೆಗಿಂತ ಕಡಿಮೆಗೆ ಮಾರಿ, ಸಾಲ ಮಾತ್ರ ಉಳಿಯಿತು. ಇಂಥ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ನೆನಪಿದೆಯಲ್ಲ. ಸಾಲ ಎಲ್ಲಾ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಬಡವರ ಕಸುಬುಗಳು, ಹಸುವಾಗಲಿ ಮೇಕೆಯಾಗಲಿ ಬೆಳೆಯಾಗಲಿ, ತಿಂಗಳುಗಟ್ಟಲೆ ಕಾದ ಮೇಲೆ ದುಡ್ಡು ಕೊಡುವಂಥವು. ವಾರದ ಕಂತು ಕಾಯುವುದಿಲ್ಲ. ತಿಂಗಳಿಗೆ ಬರುವ ಎರಡು ಸಾವಿರ ಕಾಯಲು ಬಿಡುತ್ತದೆ. ಹಣವಂತರಿಗೆ ಇದು ಅರ್ಥವಾಗುವುದು ಕಷ್ಟ, ಅವರಿಗೆ ಕಾಯಲು ದುಡ್ಡು ಯಾವಾಗಲೂ ಇರುತ್ತದೆ.

ರಾಗಿಯಲ್ಲೂ ಇದೇ ಆಯಿತು. ಹಿಂದೆಲ್ಲ ಕಣದಲ್ಲಿ ರಾಗಿ ಬಿದ್ದ ವಾರಕ್ಕೇ ವ್ಯಾಪಾರಿ ಬಂದು ಚೀಲ ಎತ್ತಿಕೊಂಡು ಹೋಗುತ್ತಿದ್ದ. ಮನೆಗೆ ಇಟ್ಟುಕೊಂಡು ಮಿಕ್ಕಿದ್ದು ನಾಲ್ಕೈದು ಚೀಲ ಇರಬಹುದು, ಅದರಲ್ಲೂ ಅವನಿಂದ ಮೊದಲೇ ಪಡೆದ ಮುಂಗಡ ಕಳೆಯಬೇಕು. ಸರಕಾರದ ಖರೀದಿ ಕೇಂದ್ರ ತೆರೆಯುವುದು ಆಮೇಲೆ. ನೋಂದಣಿ, ಫ್ರೂಟ್ಸ್ ಐಡಿ (ರೈತರಿಗೆ ಸರಕಾರ ಕೊಡುವ ಗುರುತಿನ ನಂಬರು), ಸರದಿ, ಎಲ್ಲಾ ಆಗಿ ದುಡ್ಡು ಖಾತೆಗೆ ಬರಲು ಇನ್ನಷ್ಟು ದಿನ. 2024-25ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು. ಆ ವರ್ಷ ಈ ಮನೆಯವರು ಮೊದಲ ಸಲ ವ್ಯಾಪಾರಿಗೆ ಇಲ್ಲ ಎಂದರು. ಕ್ವಿಂಟಲ್‌ಗೆ ಏಳೆಂಟು ನೂರು ಜಾಸ್ತಿ ಸಿಕ್ಕಿತು. ರಾಗಿ ಅದೇ, ಹೊಲ ಅದೇ, ಮಳೆಯೂ ಅಂಥ ಚೆನ್ನಾಗೇನೂ ಆಗಿರಲಿಲ್ಲ. ಕಾಯಲು ಆಯಿತು, ಅಷ್ಟೇ.

ಸೋಮಾರಿಗಳಾಗುತ್ತಾರೆ ಅನ್ನುವವರಿಗೆ ಒಂದು ಸಣ್ಣ ಲೆಕ್ಕ. 2025-26ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎರಡು ಸಾವಿರ ಅಂದರೆ ಆರು ದಿನದ ಕೂಲಿಯೂ ಆಗಲಿಲ್ಲ. ಐದು ಜನರ ಸಂಸಾರ ಇಟ್ಟುಕೊಂಡು ಇದನ್ನು ನಂಬಿ ಮಿಕ್ಕ ದಿನವೆಲ್ಲ ಯಾರು ಸುಮ್ನೆ ಕೂರುತ್ತಾರೆ? ಈ ಮನೆಯಲ್ಲಿ ಕೆಲಸ ಕಮ್ಮಿ ಆಗಿಲ್ಲ, ಜಾಸ್ತಿ ಆಗಿದೆ. ಅತ್ತೆಗೆ ಮಂಡಿ ನೋವು, ಕೂಲಿಗೆ ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕಡಸು ಬಂದ ಮೇಲೆ ಅದರ ಪೂರ್ತಿ ಉಸ್ತುವಾರಿ ಅವರದೇ. ಮೈ ತಿಕ್ಕುವುದು, ನೀರು ಕುಡಿಸುವುದು, ಸಗಣಿ ಬಾಚುವುದು. ಬೆದೆಗೆ ಬಂದದ್ದನ್ನು ಮೊದಲು ಕಂಡವರೂ ಅವರೇ. ಬೆಳಗಿನ ಜಾವ ಒಂದೇ ಸಮನೆ ಕೂಗುತ್ತಿತ್ತಂತೆ. ಮೊಮ್ಮಗನನ್ನು ಎಬ್ಬಿಸಿ ಡಾಕ್ಟರಿಗೆ ಫೋನ್ ಮಾಡಿಸಿದ್ದಾರೆ. ಆ ಕಡಸು ಇವತ್ತು ಕರು ಹಾಕಿ ಎರಡು ಹೊತ್ತು ಸೇರಿ ಏಳೆಂಟು ಲೀಟರ್ ಹಾಲು ಕೊಡುತ್ತಿದೆ. ಮಕ್ಕಳಿಗೆ ಅರ್ಧ ಲೀಟರ್ ಇಟ್ಟುಕೊಂಡು ಮಿಕ್ಕಿದ್ದು ಡೇರಿಗೆ. ಹಿಂಡಿ ಬೂಸದ ಖರ್ಚು ಕಳೆದರೆ ಕೈಗೆ ಉಳಿಯುವುದು ಅರ್ಧಕ್ಕಿಂತ ಕಮ್ಮಿಯೇ, ದೊಡ್ಡ ಸಂಪಾದನೆ ಎಂದು ಯಾರೂ ತಿಳಿಯಬಾರದು. ಆದರೆ ಅದು ಅವರದೇ ಸಂಪಾದನೆ. ಗಂಡ ಈ ಸಲ ಬೆಂಗಳೂರಿಗೆ ಹೋದವನು ಯುಗಾದಿಗೆ ಮೊದಲೇ ವಾಪಸ್ ಬಂದು ಕೊಟ್ಟಿಗೆಗೆ ಶೀಟು ಹೊದಿಸಿದ್ದಾನೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 2011-12ರಲ್ಲಿ ಮಧ್ಯಪ್ರದೇಶದಲ್ಲಿ ‘ಸೇವಾ’ (SEWA) ಎಂಬ ದುಡಿಯುವ ಹೆಂಗಸರ ಸಂಘದವರು ಯುನಿಸೆಫ್ ನೆರವಿನಿಂದ ಎಂಟು ಹಳ್ಳಿಗಳಲ್ಲಿ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ದುಡ್ಡು ಕೊಟ್ಟು ನೋಡಿದರು. ದೊಡ್ಡವರಿಗೆ ಮೊದಲು 200, ಆಮೇಲೆ 300 ರೂಪಾಯಿ. ಮಕ್ಕಳಿಗೆ ಅದರ ಅರ್ಧ. ಜನ ಕೆಲಸ ಬಿಡಲಿಲ್ಲ. ದನ ಕುರಿ ಜಾಸ್ತಿಯಾದವು, ಕೂಲಿ ಬಿಟ್ಟು ಸ್ವಂತ ಹೊಲ, ಸ್ವಂತ ಕಸುಬಿನ ಕಡೆ ತಿರುಗಿದರು. ಕೆನ್ಯಾದ ಪ್ರಯೋಗ ಇನ್ನೂ ದೊಡ್ಡದು, ಅದರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ, ನಮ್ಮ ಅಭಿಜಿತ್ ಬ್ಯಾನರ್ಜಿಯವರೂ ಇದ್ದಾರೆ. ಕೆಲವು ಹಳ್ಳಿಯವರಿಗೆ ಎರಡು ವರ್ಷ ತಿಂಗಳು ತಿಂಗಳು ಕೊಡುತ್ತೇವೆ ಎಂದರು, ಕೆಲವರಿಗೆ ಅಷ್ಟೇ ದುಡ್ಡು ತಿಂಗಳು ತಿಂಗಳು 12 ವರ್ಷ ಎಂದರು. ಎರಡು ವರ್ಷ ಆದಾಗ ಇಬ್ಬರ ಕೈಗೂ ಬಂದಿದ್ದ ದುಡ್ಡು ಒಂದೇ. ಆದರೆ 12 ವರ್ಷ ಬರುತ್ತದೆ ಎಂದು ಗೊತ್ತಿದ್ದವರು ಜಾಸ್ತಿ ಕಸುಬು ಶುರು ಮಾಡಿದ್ದರು. ಹೇಗೆ ಅಂದರೆ, ಅವರೂ ನಮ್ಮ ಹಾಗೆ ಚೀಟಿ ಹಾಕಿಕೊಂಡಿದ್ದರು! ಇದನ್ನು ಓದಿದಾಗ ನನಗೆ ತುಂಬಾ ಸಂತೋಷವಾಯಿತು. ನಮ್ಮ ಬೀದಿಯ ಹೆಂಗಸರು ಮಾಡಿದ್ದನ್ನೇ ಸಮುದ್ರದಾಚೆಯ ಹಳ್ಳಿಯವರೂ ಮಾಡಿದ್ದಾರೆ.

ಆದ್ದರಿಂದ ನನ್ನ ಕೋರಿಕೆ ಮೊತ್ತದ ಬಗ್ಗೆ ಅಲ್ಲ, ತಾರೀಖಿನ ಬಗ್ಗೆ. ಕಂತು ಒಂದೊಂದು ಸಲ ತಿಂಗಳುಗಟ್ಟಲೆ ಬರುವುದಿಲ್ಲ, ಆಮೇಲೆ ಎರಡು ಒಟ್ಟಿಗೆ ಬೀಳುತ್ತದೆ. ಬಂತಲ್ಲ, ಇನ್ನೇನು ಎಂದು ಕೇಳಬಹುದು. ಹಾಗಲ್ಲ. ಕಡಸು ಗಬ್ಬವಿದ್ದಾಗ ಒಮ್ಮೆ ಹೀಗೆ ದುಡ್ಡು ನಿಂತಿತು. ಚೀಟಿಗೆ ಸಾವಿರ ಕಟ್ಟಲೇಬೇಕು, ಎತ್ತಿಯಾಗಿದೆ. ಸೊಸೆ ತನ್ನ ಕೂಲಿಯಿಂದ ಕಟ್ಟಿದಳು, ಕಡಸಿನ ಆಹಾರಕ್ಕೆ ಕತ್ತರಿ ಬಿತ್ತು. ಏಳನೇ ತಿಂಗಳ ಗಬ್ಬ, ತಿನ್ನಿಸಬೇಕಾದ ಕಾಲ ಅದು. ಆಮೇಲೆ ಎರಡು ಕಂತು ಒಟ್ಟಿಗೆ ಬಂದಾಗ ಅಷ್ಟು ದಿನದ್ದೂ ಸೇರಿಸಿ ಒಂದೇ ದಿನ ತಿನ್ನಿಸಲು ಆಗುತ್ತದೆಯೇ? ಮತ್ತೆ ಕೈಸಾಲ ಕೇಳಲು ಹೊರಟಿದ್ದಳು, ಚೀಟಿಯ ಹೆಂಗಸರು ತಡೆದು ಒಂದು ಚೀಲಕ್ಕೆ ದುಡ್ಡು ಹೊಂದಿಸಿದರು. ಎಲ್ಲರಿಗೂ ಇಂಥ ಚೀಟಿ ಇರುವುದಿಲ್ಲ.

ನಮ್ಮ ಡೇರಿಯಲ್ಲಿ ಬಟವಾಡೆ ದಿನ ತಪ್ಪಿದರೆ ಮರುದಿನ ಬೆಳಗ್ಗೆ ಕ್ಯೂನಲ್ಲಿ ನಿಂತವರೆಲ್ಲ ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ಕೇಳಬೇಕು ಕೂಡ. ಆ ತಾರೀಖನ್ನು ನಂಬಿ ಅಂಗಡಿಯವರು ಉದ್ರಿ ಕೊಟ್ಟಿರುತ್ತಾರೆ, ಇವರು ಮಗನ ಕಾಲೇಜಿನವರಿಗೆ ಮಾತು ಕೊಟ್ಟಿರುತ್ತಾರೆ. ಸರಕಾರಿ ನೌಕರರಿಗೆ ಸಂಬಳದ ದಿನ ಅಂತ ಒಂದಿದೆ. ಗೃಹಲಕ್ಷ್ಮಿಗೂ ಒಂದು ದಿನ ಗೊತ್ತುಮಾಡಲಿ, ತಿಂಗಳ ಹತ್ತೋ ಹದಿನೈದೋ ಯಾವುದಾದರೂ ಸರಿ. ಯಾವುದಾದರೂ ತಿಂಗಳು ಆಗುವುದಿಲ್ಲ ಎಂದರೆ ಮೊದಲೇ ಮೊಬೈಲಿಗೆ ಒಂದು ಸಂದೇಶ ಕಳಿಸಲಿ. ಮೊದಲೇ ಗೊತ್ತಾದರೆ ಹೆಣ್ಣುಮಕ್ಕಳು ಹೇಗೋ ಹೊಂದಿಸಿಕೊಳ್ಳುತ್ತಾರೆ.

ಈ ದುಡ್ಡಿನಿಂದ ಎಲ್ಲರೂ ಹಸು ತರುತ್ತಾರೆ ಎಂದು ನಾನು ಹೇಳುವುದಿಲ್ಲ. ನಮ್ಮೂರಲ್ಲೇ ಒಂಟಿ ಮುದುಕಿಯರ ಮನೆಗಳಲ್ಲಿ ಅದು ಮಾತ್ರೆಗೆ, ಕಾಯಿಪಲ್ಯಕ್ಕೆ ಸರಿಹೋಗುತ್ತದೆ. ಅದು ಹಾಗೇ ಇರಲಿ, ಅವರು ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಬರಿ ದುಡ್ಡೂ ಸಾಲದು. ಊರಲ್ಲಿ ಡೇರಿ ಇರದಿದ್ದರೆ, ಫೋನ್ ಮಾಡಿದರೆ ಬರುವ ಪಶು ಡಾಕ್ಟರು ಇರದಿದ್ದರೆ ಆ ಕಡಸು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಇವೆರಡೂ ಇಲ್ಲದ ಹಳ್ಳಿಗಳು ಇನ್ನೂ ಎಷ್ಟೋ ಇವೆ.

ಕೊನೆಯದಾಗಿ ಒಂದು ವಿಷಯ, ಇದನ್ನು ಸಂಬಂಧಪಟ್ಟವರು ಓದಲಿ ಎಂದು ಬೇಡಿಕೊಳ್ಳುತ್ತೇನೆ. ಕಾರ್ಡಿನ ಯಜಮಾನಿ ತೀರಿಕೊಂಡರೆ ದುಡ್ಡು ಅಲ್ಲಿಗೇ ನಿಲ್ಲುತ್ತದೆ. ಸೊಸೆಯ ಹೆಸರನ್ನು ಯಜಮಾನಿ ಎಂದು ಕಾರ್ಡಿನಲ್ಲಿ ತಿದ್ದಿಸಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿರಬೇಕು, ಮತ್ತೆ ಅರ್ಜಿ ಹಾಕಬೇಕು. ಹಿರಿಯರು ಹೋದ ದುಃಖ, ತಿಥಿಯ ಖರ್ಚು, ಮನೆಗೆ ದುಡ್ಡು ತುಂಬಾ ಬೇಕಾದ ಹೊತ್ತಿನಲ್ಲೇ ಓಡಾಟ ಶುರುವಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಮರಣ ಪ್ರಮಾಣಪತ್ರ ಕೊಡುವಾಗಲೇ ಹೊಸ ಯಜಮಾನಿಯ ಅರ್ಜಿಯನ್ನೂ ತೆಗೆದುಕೊಂಡು, ಒಂದು ಕಂತೂ ತಪ್ಪದ ಹಾಗೆ ಮಾಡಲು ಸಾಧ್ಯವಿದೆ. ಅದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

— ಮಹಿಳಾ ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ, ತುಮಕೂರು ಜಿಲ್ಲೆ