ಸಿಟ್ಟಿಗೆ ಹತ್ತು ಹೆಜ್ಜೆ

ಪ್ರಿಯ ಗೆಳೆಯ,

ಗಾಲ್ಫ್ ಸಹವಾಸವೇ ಸಾಕು ಎಂದು ನೀನು ಬರೆದದ್ದನ್ನು ಓದಿ ಬೇಸರವಾಯಿತು. ಎರಡಡಿ ದೂರದ ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಮೆಲುಹೊಡೆತ) ತಪ್ಪಿದಾಗ ಸಿಟ್ಟು ನೆತ್ತಿಗೇರುವುದು ನಿನಗೊಬ್ಬನಿಗೇ ಅಲ್ಲ, ಈ ಆಟದ ಸ್ವಭಾವವೇ ಹಾಗೆ. ಶಟಲ್ ಆಡುವಾಗ ಸಿಟ್ಟಾಗಲು ಪುರುಸೊತ್ತೇ ಇರುವುದಿಲ್ಲ. ಇಲ್ಲಿ ಚೆಂಡು ಅಲುಗಾಡದೆ ಕುಳಿತಿರುತ್ತದೆ, ದೂರುವುದಕ್ಕೆ ಇನ್ನೊಬ್ಬರಿಲ್ಲ. ಹೊಡೆತ ಒಂದೆರಡು ಕ್ಷಣದ್ದು. ಹದಿನೆಂಟು ಕುಳಿ ಮುಗಿಯಲು ನಾಲ್ಕು ತಾಸು ಬೇಕು. ಮಿಕ್ಕ ಹೊತ್ತಿನಲ್ಲಿ ಹೆಚ್ಚಿನದು ನಡಿಗೆ, ಆ ನಡಿಗೆಯಲ್ಲೇ ತಪ್ಪಿದ ಹೊಡೆತವನ್ನು ಮೆಲುಕು ಹಾಕುತ್ತೇವೆ.

ಮುಂದಿನ ಚೆಂಡಿನ ಬಳಿ ನಿಲ್ಲುವಷ್ಟರಲ್ಲಿ ಸಿಟ್ಟು ಕೈಗೆ ಇಳಿದಿರುತ್ತದೆ. ನಿನ್ನ ಬೆರಳುಗಳನ್ನೇ ನೋಡಿಕೋ. ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿದ ಗೆಣ್ಣುಗಳು ಬಿಳಿಚಿಕೊಂಡಿರುತ್ತವೆ, ಮುಂಗೈ ಸೆಟೆದಿರುತ್ತದೆ, ಭುಜ ಕಿವಿಯತ್ತ ಏರಿರುತ್ತದೆ. ಹಾಗೆ ಬಿಗಿದ ಮಣಿಕಟ್ಟು ಸಲೀಸಾಗಿ ಬಾಗದು. ಕ್ಲಬ್ ಬೀಸುವ ಸ್ವಿಂಗ್ ಅವಸರವಾಗುತ್ತದೆ, ಚೆಂಡು ಮರಗಳ ಸಂದಿಗೆ ಹೋಗುತ್ತದೆ. ಎರಡನೆಯ ತಪ್ಪಿಗೆ ಕಾರಣ ಕೌಶಲದ ಕೊರತೆಯಲ್ಲ, ಮೊದಲ ತಪ್ಪಿನ ಸಿಟ್ಟು.

ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಗೊತ್ತಲ್ಲ? ಎಳೆಯ ವಯಸ್ಸಿನಲ್ಲಿ ಕ್ಲಬ್ ಎಸೆಯುವುದಕ್ಕೇ ಹೆಸರಾದವನು. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಬ್ರಿಟಿಷ್ ಓಪನ್ ಪಂದ್ಯಾವಳಿಯ ಮೂರನೆಯ ಸುತ್ತು ಆಡುತ್ತಿದ್ದಾಗ, ಹನ್ನೊಂದನೆಯ ಕುಳಿಯ ಬಂಕರ್ ಎಂಬ ಮರಳುಗುಂಡಿಯಲ್ಲಿ ಸಿಕ್ಕಿ ಒದ್ದಾಡಿ, ಆಟವನ್ನೇ ಬಿಟ್ಟುಕೊಟ್ಟ. ಆಗ ಅವನಿಗೆ ಹತ್ತೊಂಬತ್ತು. 1927ರಲ್ಲಿ ಅದೇ ಮೈದಾನದಲ್ಲಿ ಓಪನ್ ಗೆದ್ದ. 1930ರಲ್ಲಿ ಆ ಕಾಲದ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಬಾಚಿಕೊಂಡ. ಅಂಥ ಮುಂಗೋಪಿ ಪಳಗಿದನೆಂದರೆ ನೀನೇಕೆ ಕೈಚೆಲ್ಲಬೇಕು?

ಸಿಟ್ಟೇ ಬರಬಾರದು ಎಂದು ನಾನು ಹೇಳುವುದಿಲ್ಲ, ಅದು ಆಗದ ಮಾತು. ಟೈಗರ್ ವುಡ್ಸ್ ಪಾಲಿಸಿದ ಹತ್ತು ಹೆಜ್ಜೆಯ ಪದ್ಧತಿ ನನಗೆ ಹಿಡಿಸಿದೆ. ಹತ್ತು ಹೆಜ್ಜೆ ನಡೆಯುವ ತನಕ ಮನಸ್ಸಿನಲ್ಲಿ ಎಷ್ಟು ಬೇಕಾದರೂ ಬೈದುಕೋ, ಹನ್ನೊಂದನೆಯ ಹೆಜ್ಜೆಗೆ ಆ ಹೊಡೆತದ ಲೆಕ್ಕ ಮುಗಿಯಿತು. ಕ್ಲಬ್ಬನ್ನು ಚೀಲಕ್ಕೆ ಸೇರಿಸು, ನೀರು ಕುಡಿ, ಉಸಿರನ್ನು ನಿಧಾನವಾಗಿ ಹೊರಗೆ ಬಿಡು. ಮುಂದಿನ ಹೊಡೆತಕ್ಕೆ ನಿಲ್ಲುವ ಮೊದಲು ಹಿಡಿತ ಸಡಿಲಿಸು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿಯೇ ಹೇಳುತ್ತೇನೆ. ನೀನು ಎಸೆದ ಕ್ಲಬ್ಬನ್ನು ಹುಲ್ಲಿನಿಂದ ಎತ್ತಿ, ಒರೆಸಿ, ತಲೆ ತಗ್ಗಿಸಿ ನಿನ್ನ ಕೈಗೆ ಕೊಟ್ಟದ್ದು ನಿನ್ನ ಚೀಲ ಹೊರುವ ಕ್ಯಾಡಿ. ಬಿಸಿಲಲ್ಲಿ ನಿನ್ನ ಭಾರ ಹೊತ್ತವನು ಅವನು, ನಿನ್ನ ಸಿಟ್ಟನ್ನೂ ಹೊರಬೇಕಾಗಿಲ್ಲ. ಭಾನುವಾರ ಆಡಲು ಬಾ, ಮೊದಲ ಒಂಬತ್ತು ಕುಳಿಗಳಿಗೆ ಸ್ಕೋರ್ ಬರೆಯುವುದು ಬೇಡ. ಆದರೆ ಆಟಕ್ಕೆ ಮುಂಚೆ ಅವನನ್ನು ಕಂಡು ಮಾತಾಡಿಸು, ಕ್ಷಮೆ ಕೇಳು.

ನಿನ್ನ ಗೆಳೆಯ