ಕೈ ಕುಲುಕದಿದ್ದುದು ಅಸಭ್ಯತೆಯೇ?

ಮಾನ್ಯರೇ,

ಆಸ್ಟ್ರೇಲಿಯಾದ ಕೊಬಾರ್ಗೊ ಊರಿನವರು 2020ರ ಜನವರಿ 2ರಂದು ಪ್ರಧಾನಿ ಸ್ಕಾಟ್ ಮಾರಿಸನ್ ಅವರ ಕೈ ಕುಲುಕಲು ಒಲ್ಲೆ ಎಂದದ್ದನ್ನು ಅಸಭ್ಯತೆ ಎನ್ನುವವರಿದ್ದಾರೆ. ಎರಡು ದಿನಗಳ ಹಿಂದಷ್ಟೇ ಕಾಳ್ಗಿಚ್ಚಿಗೆ ಅಲ್ಲಿ ತಂದೆ, ಮಗ ಬಲಿಯಾಗಿದ್ದರು. ಪೇಟೆಬೀದಿಯ ಹಳೆಯ ಅಂಗಡಿಗಳು ಬೂದಿಯಾಗಿದ್ದವು. ಡಿಸೆಂಬರಿನಲ್ಲಿ ಕಾಡು ಉರಿಯುವಾಗ ಹವಾಯಿಯಲ್ಲಿ ರಜೆ ಕಳೆದ ಪ್ರಧಾನಿ, ತಾನೇನು ನೀರಿನ ಪೈಪು ಹಿಡಿಯುವವನಲ್ಲ ಎಂದು ರೇಡಿಯೊದಲ್ಲಿ ಹೇಳಿದ್ದರು. ಹಿಡಿದವರು ಬಹುತೇಕ ಸಂಬಳವಿಲ್ಲದ ಸ್ವಯಂಸೇವಕರು! ಅವರಲ್ಲಿ ಕೆಲವರು ಮನೆಗೆ ಮರಳಲೇ ಇಲ್ಲ. ಗ್ರಾಮೀಣ ಅಗ್ನಿಶಾಮಕ ದಳಕ್ಕೆ ಹೆಚ್ಚು ಹಣ ಕೊಟ್ಟರೆ ಮಾತ್ರ ಕೈ ಕುಲುಕುತ್ತೇನೆ ಎಂದು ಯುವತಿಯೊಬ್ಬಳು ಕೇಳಿದಳು. ಪ್ರಧಾನಿ ತಾವೇ ಅವಳ ಕೈ ಎತ್ತಿ ಹಿಡಿದು ಕುಲುಕಿ, ಬೆನ್ನು ತಿರುಗಿಸಿ ನಡೆದರು. ಅಸಭ್ಯತೆ ಯಾರದು?

– ಕನ್ನಡಿಗ ಓದುಗ, ಸಿಡ್ನಿ