ಆ ದಿನ ಹಗಲು ಏಳು ನಿಮಿಷ ಜಾಸ್ತಿ

ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನಿಮ್ಮಲ್ಲಿ ಒಂದು ಸಣ್ಣ ಸುದ್ದಿ ಬರುತ್ತದೆ, ‘ಇಂದು ಹಗಲು ರಾತ್ರಿ ಸಮ’ ಅಂತ. ನಿಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ ಬಿಡಿ. ಆದರೆ ಅದೇ ದಿನದ ಸೂರ್ಯೋದಯ, ಸೂರ್ಯಾಸ್ತದ ಸಮಯ ಒಳಪುಟದಲ್ಲಿ ಇರುತ್ತದಲ್ಲ, ಒಂದರಿಂದ ಒಂದು ಕಳೆದು ನೋಡಿ. ಕರ್ನಾಟಕದಲ್ಲಿ ಆ ದಿನ ಹಗಲು 12 ಗಂಟೆಗಿಂತ ಹತ್ತಿರ ಹತ್ತಿರ 7 ನಿಮಿಷ ಜಾಸ್ತಿ! ಒಳಪುಟದ ಲೆಕ್ಕ ಸರಿಯಾಗಿದೆ. ತಪ್ಪಿರುವುದು ಸುದ್ದಿ.

ಇದರಲ್ಲಿ ಎರಡು ನಿಮಿಷ ನಾವು ಲೆಕ್ಕ ಹಾಕುವ ರೀತಿಯಿಂದ ಬಂದದ್ದು. ಸೂರ್ಯನ ಮೇಲಂಚು ಕಂಡ ಕೂಡಲೇ ಹುಟ್ಟಿದ ಅನ್ನುತ್ತೇವೆ, ಸಂಜೆ ಅದೇ ಅಂಚು ಮರೆಯಾಗುವವರೆಗೂ ಮುಳುಗಿದ ಅನ್ನುವುದಿಲ್ಲ. ಉಳಿದ ಐದು ನಿಮಿಷ ಗಾಳಿಯ ಕೊಡುಗೆ. ಗಾಳಿ ಮೇಲೆ ತೆಳು, ಕೆಳಗೆ ದಟ್ಟ. ಹಾಗಾಗಿ ಬೆಳಕು ಇಳಿಯುತ್ತಾ ಇಳಿಯುತ್ತಾ ನೆಲದ ಕಡೆಗೆ ಬಾಗುತ್ತದೆ, ನಮಗೆ ಸೂರ್ಯ ತಾನಿರುವ ಜಾಗಕ್ಕಿಂತ ಮೇಲೆ ಕಾಣುತ್ತಾನೆ. ನೆತ್ತಿಯ ಮೇಲಿನ ನಕ್ಷತ್ರಕ್ಕೆ ಈ ಬಾಗುವಿಕೆ ಇಲ್ಲವೇ ಇಲ್ಲ. ಅರ್ಧ ಆಕಾಶಕ್ಕೆ, ಅಂದರೆ 45 ಡಿಗ್ರಿಗೆ ಇಳಿದರೂ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು ಅಷ್ಟೇ. ದಿಗಂತಕ್ಕೆ ಬಂದಾಗ ಮಾತ್ರ ಅದು ಅರ್ಧ ಡಿಗ್ರಿ ದಾಟುತ್ತದೆ. ಸೂರ್ಯನ ಅಗಲವೂ ಸುಮಾರು ಅರ್ಧ ಡಿಗ್ರಿಯೇ ಅಲ್ವಾ? ಹಾಗಾಗಿ ಮಲ್ಪೆಯಲ್ಲಿ ಜನ ಮೊಬೈಲ್ ಹಿಡಿದು ನಿಂತು, ಕೆಂಪು ಸೂರ್ಯ ಈಗ ತಾನೇ ನೀರು ಮುಟ್ಟಿದ ಅನ್ನುವ ಹೊತ್ತಿಗೆ ಸೂರ್ಯ ನಿಜವಾಗಿ ಪೂರ್ತಿ ಕೆಳಗೆ ಹೋಗಿ ಆಗಿರುತ್ತದೆ.

ಹಾಗಾದರೆ ನಮ್ಮಲ್ಲಿ ಹಗಲು ರಾತ್ರಿ ನಿಜಕ್ಕೂ ಸಮ ಆಗುವುದು ಯಾವಾಗ? ಸೆಪ್ಟೆಂಬರ್‌ನ ಆ ದಿನ ಕಳೆದು ಇನ್ನೂ ಸುಮಾರು ಒಂಬತ್ತು ದಿನ ಕಾಯಬೇಕು, ಹೆಚ್ಚುಕಡಿಮೆ ಗಾಂಧಿ ಜಯಂತಿಗೆ. ಮಾರ್ಚ್‌ನಲ್ಲಿ ಅಷ್ಟೇ ದಿನ ಮೊದಲು. ಸಮಭಾಜಕದ ಮೇಲೆ ಇರುವವರಿಗೆ ಅದೂ ಇಲ್ಲ, ವರ್ಷವಿಡೀ ಹಗಲೇ ಒಂದು ಕೈ ಮೇಲು.

ಐದು ನಿಮಿಷ ಏನು ಮಹಾ ಅನ್ನಿಸಬಹುದು. ಡಚ್ ನಾವಿಕ ವಿಲ್ಲೆಮ್ ಬ್ಯಾರೆಂಟ್ಸ್ ಮತ್ತವರ ಜೊತೆಗಾರರು 1597ರಲ್ಲಿ ಆರ್ಕ್‌ಟಿಕ್‌ನ ನೊವಾಯಾ ಜೆಮ್ಲ್ಯಾದಲ್ಲಿ ಹಿಮಕ್ಕೆ ಸಿಕ್ಕಿ, ಕಟ್ಟಿಗೆಯ ಗುಡಿಸಲಲ್ಲಿ ಸೂರ್ಯನೇ ಇಲ್ಲದ ಚಳಿಗಾಲ ಕಳೆಯುತ್ತಿದ್ದರು. ಜನವರಿ 24ರಂದು ಸೂರ್ಯ ಕಂಡೇಬಿಟ್ಟ, ಲೆಕ್ಕಕ್ಕಿಂತ ಎರಡು ವಾರ ಮೊದಲೇ! ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಕೂತಾಗ ಬೆಳಕು ಭೂಮಿಯ ಡೊಂಕಿಗೆ ಸರಿಯಾಗಿ ಬಾಗಿಕೊಂಡು ತುಂಬಾ ದೂರದಿಂದ ಬರುತ್ತದೆ. ಆದರೆ ಆ ತಂಡದ ಗೆರಿಟ್ ಡಿ ವೀರ್ ಇದನ್ನು ಬರೆದಾಗ ದಿನ ಎಣಿಸುವುದರಲ್ಲೇ ಎಡವಿರಬೇಕು ಎಂದು ಅನುಮಾನಪಟ್ಟವರೇ ಜಾಸ್ತಿ.

ಇನ್ನೊಂದು ತಕರಾರೂ ಇದೆ. ಹುಣ್ಣಿಮೆಯ ಚಂದ್ರ ಹುಟ್ಟುವಾಗ ದೊಡ್ಡದಾಗಿ ಕಾಣುವುದಕ್ಕೆ ‘ವಾತಾವರಣ ಲೆನ್ಸ್‌ನಂತೆ ವರ್ತಿಸುವುದೇ ಕಾರಣ’ ಅಂತ ಆಗಾಗ ಬರೆಯುತ್ತೀರಿ. ಇಲ್ಲ ಸ್ವಾಮಿ. ಗಾಳಿ ಚಂದ್ರನನ್ನು ದೊಡ್ಡದು ಮಾಡುವುದಿಲ್ಲ, ಚಪ್ಪಟೆ ಮಾಡುತ್ತದೆ. ಕೆಳ ಅಂಚನ್ನು ಮೇಲಂಚಿಗಿಂತ ಜಾಸ್ತಿ ಎತ್ತುವುದರಿಂದ ಎತ್ತರದಲ್ಲಿ ಸುಮಾರು ಆರನೇ ಒಂದು ಪಾಲು ಕಡಿಮೆಯಾಗುತ್ತದೆ, ಅಗಲ ಹಾಗೇ ಉಳಿಯುತ್ತದೆ. ದೊಡ್ಡದು ಅನ್ನಿಸುವುದು ನಮ್ಮ ತಲೆಯ ಆಟ. ಮುಂದಿನ ಹುಣ್ಣಿಮೆಗೆ ನಿಮ್ಮ ಛಾಯಾಗ್ರಾಹಕರು ಹುಟ್ಟುವ ಚಂದ್ರನದ್ದೊಂದು, ನಡುರಾತ್ರಿಯದ್ದೊಂದು ಫೋಟೊ ಒಂದೇ ಜೂಮ್‌ನಲ್ಲಿ ತೆಗೆಯಲಿ. ಎರಡನ್ನೂ ಪಕ್ಕ ಪಕ್ಕ ಹಾಕಿ, ಕೆಳಗೆ ಏನೂ ಬರೆಯದಿದ್ದರೂ ನಡೆಯುತ್ತದೆ.

— ಒಬ್ಬ ಓದುಗ, ಉಡುಪಿ